ಬಿಸಿನೀರಿನ ಶಾಂತಾರಾಮ

ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಶಾಂತಾರಾಮ ಗಾಂವಕರನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಶಾಂತಾರಾಮ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಬಿಸಿನೀರಿನ ಶಾಂತಾರಾಮ ಅನ್ನಿ, ರಿಕ್ಷಾದವ ಮರುಮಾತಾಡದೆ ಗಾಡಿ ತಿರುಗಿಸುತ್ತಾನೆ. ಆ ಹೆಸರು ಇಟ್ಟವರು ಯಾರೋ, ಗೌರವಕ್ಕಂತೂ ಇಟ್ಟದ್ದಲ್ಲ. ಪಡುಗಾಳಿ ಬೀಸಿದರೆ ಸಮುದ್ರದ ಸಪ್ಪಳ ಅಡುಗೆಮನೆಯವರೆಗೂ ಕೇಳುವ ಊರಿನಲ್ಲಿ, ಅಂಗಳ ಅಗೆಸಿ ಈಜುಕೊಳ ಕಟ್ಟಿಸಿ, ಸಾಲದ್ದಕ್ಕೆ ಅದರ ನೀರು ಕಾಯಿಸಲು ಹೊರಟವನನ್ನು ಜನ ಸುಮ್ಮನೆ ಬಿಟ್ಟಾರೆಯೇ? "ಸೆಖೆ ಸಾಕಾಗ್ಲಿಲ್ಲ ಕಾಣ್ತದೆ ಅವಂಗೆ" ಎಂದು ಮೀನುಪೇಟೆಯಲ್ಲಿ ನಕ್ಕರು. ನಕ್ಕವರಲ್ಲಿ ಹೆಚ್ಚಿನವರು ಆ ಮನೆಯ ಗೇಟು ದಾಟಿ ಒಳಗೆ ಬಂದವರಲ್ಲ. ಬಂದಿದ್ದರೆ ನಗುತ್ತಿರಲಿಲ್ಲ. ಹಾಗೆ ನೋಡಿದರೆ ಶಾಂತಾರಾಮನೂ ಯಾರನ್ನೂ ಒಳಗೆ ಕರೆದವನಲ್ಲ.

ಅವನ ಸಂಸಾರವೇನು ದೊಡ್ಡದಲ್ಲ. ಹೆಂಡತಿ ವೈಜಯಂತಿ, ಮಗಳು ಮಾನಸಾ, ಅಷ್ಟೇ. ಮಾನಸಾಳಿಗೆ ಇಪ್ಪತ್ತು ದಾಟಿ ಕೆಲವು ವರ್ಷಗಳೇ ಆದವು, ಆದರೆ ಇವತ್ತಿಗೂ ತಾನಾಗಿ ಎದ್ದು ಕೂತವಳಲ್ಲ. ಹುಟ್ಟುವಾಗ ಕೂಸು ಅಳಲಿಲ್ಲ. ಅಳಿಸುವಷ್ಟರಲ್ಲಿ ತಡವಾಗಿ, ಮಿದುಳಿಗೆ ಪೆಟ್ಟಾಯಿತು, ಕೈಕಾಲು ಸೆಟೆದುಕೊಂಡವು. ಅವಳಿಗೆ ಬರುವ ಮಾತು ಬೆರಳೆಣಿಕೆಯಷ್ಟು. ಅಪ್ಪ, ಆಯಿ, ಬೇಡ, ಬಂಗಡೆ, ಥಂಡಿ. ಅಷ್ಟರಲ್ಲೇ ಅವಳ ದಿನ ನಡೆಯುತ್ತದೆ. ಊಟದ ತಾಟಿನಲ್ಲಿ ಬಂಗಡೆ ಮೀನು ಕಾಣದ ದಿನ ಸಿಟ್ಟು ಬರುತ್ತದೆ, ಕಂಡ ದಿನ ಮನೆ ತುಂಬ ಅವಳ ನಗು ಕೇಳುತ್ತದೆ.

ಶಾಂತಾರಾಮ ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಸಂಸಾರ ಹೂಡಿ, ಅಲ್ಲಿಯ ಅಣುವಿದ್ಯುತ್ ಸ್ಥಾವರದ ಏರ್‌ಕಂಡೀಷನ್ ವಿಭಾಗದಲ್ಲಿ ದುಡಿದವನು. ಜೀವಮಾನವೆಲ್ಲ ಬೇರೆಯವರ ಕೋಣೆ ತಂಪು ಮಾಡಿದ. ಮನೆಗೆ ಬಂದರೆ ಮಗಳಿಗಾಗಿ ನೀರು ಬಿಸಿ ಮಾಡಿದ. ಈ ಬಿಸಿನೀರಿನ ವಿಷಯ ಮೊದಲು ಹೊಳೆದದ್ದು ಯಾವ ಡಾಕ್ಟರಿಗೂ ಅಲ್ಲ, ಬಾಣಂತನಕ್ಕೆ ಬಂದಿದ್ದ ಅವನ ಅತ್ತೆಗೆ. ಆಕೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ಹಂಡೆಯ ನೀರು ಹೊಯ್ಯುತ್ತಿದ್ದಳು. ಹಗಲೆಲ್ಲ ಬಿಗಿದುಕೊಂಡೇ ಇರುತ್ತಿದ್ದ ಆ ಪುಟ್ಟ ಮುಷ್ಟಿಗಳು ನಾಲ್ಕು ಚೊಂಬು ಬಿಸಿನೀರು ಬೀಳುತ್ತಲೇ ಬಿಚ್ಚಿಕೊಳ್ಳುತ್ತಿದ್ದವು. "ನೋಡು, ಕೂಸಿನ ಕೈ ಬಿಟ್ತು" ಎಂದು ಆಕೆ ಅಳಿಯನನ್ನು ಕರೆದು ತೋರಿಸಿದಳು. ಅವತ್ತು ಬಚ್ಚಲ ಬಾಗಿಲಲ್ಲಿ ನಿಂತು ನೋಡಿದವನಿಗೆ ಅಲ್ಲಿಂದ ಮುಂದೆ ಅದೊಂದೇ ಹುಚ್ಚು.

ಕೂಸು ಬೆಳೆಯಿತು, ಪಾತ್ರೆಗಳೂ ಬೆಳೆದವು. ಮೊದಲು ಬೋಗುಣಿ, ಆಮೇಲೆ ಟಬ್ಬು, ಅದಾದ ಮೇಲೆ ಅರ್ಧಕ್ಕೆ ಕೊಯ್ಯಿಸಿದ ನೀಲಿ ಡ್ರಮ್ಮು. ಡ್ರಮ್ಮೂ ಸಾಲದಾದಾಗ ಶಾಂತಾರಾಮ ನಿವೃತ್ತನಾಗಿ ಊರಿಗೆ ಬಂದ. ಮನೆಯ ಪಡುವಣ ಅಂಗಳದಲ್ಲಿ ಚಿರೇಕಲ್ಲು ಕಟ್ಟಿಸಿ, ಒಳಗೆ ಟೈಲ್ಸ್ ಹಾಕಿಸಿ, ಎದೆಮಟ್ಟದ ಕೊಳ ಮಾಡಿಸಿದ. ಸಿನೆಮಾದಲ್ಲಿ ತೋರಿಸುವಂಥದ್ದಲ್ಲ, ದೊಡ್ಡ ಕೋಣೆಯಷ್ಟು ಅಗಲ, ಅಷ್ಟೇ. ಇಳಿಯಲು ಮೆಟ್ಟಿಲು, ಹಿಡಿಯಲು ಕಂಬಿ, ಮಗಳನ್ನು ಗಾಲಿಕುರ್ಚಿಯಿಂದ ಎತ್ತಿ ನೀರಿಗೆ ಇಳಿಸಲು ಒಂದು ಕಬ್ಬಿಣದ ತೊಲೆ, ಅದಕ್ಕೆ ಬಾವಿಗೆ ಹಾಕುವಂಥ ಗಡಗಡೆ, ಗಡಗಡೆಗೆ ದಪ್ಪ ಬಟ್ಟೆಯ ಜೋಳಿಗೆ. ಗಡಗಡೆ ಇದ್ದರೂ ಕುರ್ಚಿಯಿಂದ ಜೋಳಿಗೆಗೆ ಎತ್ತಿ ಹಾಕುವುದು, ನೀರಿನಲ್ಲಿ ಜೋಳಿಗೆಯಿಂದ ಬಿಡಿಸಿ ಹಿಡಿದುಕೊಳ್ಳುವುದು, ತಿರುಗಿ ಏರಿಸುವುದು ಎಲ್ಲ ಅವನದೇ ಕೈಕೆಲಸ. ನೀರಿಗಿಳಿದರೆ ಮಾತ್ರ ಮಾನಸಾಳಿಗೆ ತೂಕವೇ ಇರುತ್ತಿರಲಿಲ್ಲ. ಒಂದು ಕೈ ಕುತ್ತಿಗೆಯ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಕೊಟ್ಟರೆ ಸಾಕು, ಕೈಕಾಲು ತಾವಾಗಿಯೇ ಸಡಿಲವಾಗಿ ಬಿಡುತ್ತಿದ್ದವು. ಆ ಹೊತ್ತಿನಲ್ಲಿ ಕಾಲು ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸಿದರೆ ಎರಡು ದಿನ ಮೈ ಹಗುರ. ಇಲ್ಲದಿದ್ದರೆ ಬಟ್ಟೆ ತೊಡಿಸಲಿಕ್ಕೂ ಇಬ್ಬರು ಹೆಣಗಬೇಕು.

ಬೇಸಿಗೆಯಲ್ಲಿ ಬಿಸಿಲೇ ನೀರು ಕಾಯಿಸಿಕೊಟ್ಟಿತು. ದೀಪಾವಳಿ ಕಳೆದು ಮುಂಜಾನೆ ಇಬ್ಬನಿ ಬೀಳತೊಡಗಿದ ಮೇಲೆ ಶುರುವಾಯಿತು ನೋಡಿ ಫಜೀತಿ. ನಮಗೆ ನಿಮಗೆ ಹಿತವೆನಿಸುವ ತಂಪು ಮಾನಸಾಳ ಮೈಗೆ ಚಾಟಿ. ತಣ್ಣನೆ ನೀರು ತಾಗಿದ್ದೇ ಬೆನ್ನು ಬಿಲ್ಲಿನಂತೆ ಬಾಗಿ, ಹಲ್ಲು ಕಚ್ಚಿ ಕೂಗುತ್ತಿದ್ದಳು. ಶಾಂತಾರಾಮ ದೊಡ್ಡ ದೊಡ್ಡ ಕರೆಂಟಿನ ರಾಡು ತಂದು ಇಳಿಬಿಟ್ಟ. ನೀರು ಕಾದದ್ದೇನೋ ಹೌದು, ಬಿಲ್ಲು ಕೊಡಲು ಬಂದವನು ಇದು ಮನೆಯೋ ಐಸ್ ಫ್ಯಾಕ್ಟರಿಯೋ ಎಂದು ಗೇಟಿನಲ್ಲೇ ನಿಂತು ಕೇಳಿದ. ಪಿಂಚಣಿ ಆ ರಾಡುಗಳ ಬಾಯಿಗೇ ಹೋಗುವಂತಾಯಿತು. ತೆಂಗಿನ ಕಾಯಿಸಿಪ್ಪೆ ಉರಿಸಿ ಹಂಡೆ ಹಂಡೆ ಕಾಯಿಸಿ ಸುರಿದ. ಅಷ್ಟು ನೀರಿಗೆ ಅದು ಎಲ್ಲಿ ಸಾಕು? ಮಾಡಿನ ಮೇಲೆ ಸೋಲಾರ್ ಹಾಕಿಸೋಣವೆಂದರೆ ಪಕ್ಕದ ಮನೆಯ ಮಾವಿನಮರದ ನೆರಳು. ಚಳಿ ಶುರುವಾದ ಮೇಲೆ ಮಾನಸಾ ನೀರಿಗೆ ಇಳಿದದ್ದು ಕಡಿಮೆ, ನೋವಿನಿಂದ ಕೂಗಿದ್ದು ಹೆಚ್ಚು.

ಅದೇ ಚಳಿಯಲ್ಲಿ ಶಾಂತಾರಾಮನ ಬಲಭುಜ ಕೈಕೊಟ್ಟಿತು. ಕಾರವಾರದ ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ ನೋಡಿ, ಇನ್ನು ಭಾರ ಎತ್ತಬೇಡಿ ಅಂದರು. ಭಾರ ಅಂದರೆ ಯಾವ ಭಾರ ಎಂದು ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಮಾತ್ರೆ ನುಂಗಿ, ಮುಲಾಮು ತಿಕ್ಕಿಸಿಕೊಂಡು ಎತ್ತುತ್ತಲೇ ಇದ್ದ. ಒಂದು ದಿನ ಕುರ್ಚಿಯಿಂದ ಎತ್ತುವಾಗ ಕೈ ಸೋತು, ಮಗಳನ್ನು ತಬ್ಬಿಕೊಂಡೇ ಅಂಗಳದಲ್ಲಿ ಕುಸಿದು ಕೂತ. ಅವಳಿಗೆ ಮೊಣಕೈ ತರಚಿತು, ಇವನಿಗೆ ಧೈರ್ಯವೇ ತರಚಿ ಹೋಯಿತು.

ಸುದ್ದಿ ಕೇಳಿ ಹಬ್ಬುವಾಡದಿಂದ ವೈಜಯಂತಿಯ ಅಣ್ಣ ಗುರುಪ್ರಸಾದ ಬಂದ. ಬ್ಯಾಂಕಿನಲ್ಲಿ ಇದ್ದು ನಿವೃತ್ತನಾದ ಸಮಾಧಾನದ ಮನುಷ್ಯ. ಚಾ ಕುಡಿದು, ಬಶಿ ಕೆಳಗಿಟ್ಟು, ನಿಧಾನವಾಗಿ ಮಾತು ತೆಗೆದ.

"ಭಾವ, ಸಿಟ್ಟು ಮಾಡ್ಕೊಳ್ಬೇಡಿ. ಧಾರವಾಡದ ಬದಿಗೆ ಒಂದು ಆಶ್ರಮ ಅದೆ, ಇಂಥ ಮಕ್ಕಳಿಗೇ ಹೇಳಿ ಮಾಡಿದ್ದು. ನಾ ಹೋಗಿ ನೋಡ್ಕಂಡೇ ಬಂದೆ. ಎತ್ತೂಕೆ ಇಳಸೂಕೆ ಜನ ಅವ್ರೆ, ಡಾಕ್ಟರು ಅವ್ರೆ. ಈಗ ಒಂದು ಜಾಗ ಖಾಲಿ ಆಗೂದದೆ."

ಶಾಂತಾರಾಮ ಬಲಭುಜ ನೀವಿಕೊಂಡ, ಗುರುಪ್ರಸಾದನೇ ಮುಂದುವರಿಸಿದ.

"ನಿಮ್ಗೂ ವಯಸ್ಸಾಯ್ತು. ನಾಳೆ ನೀವೇ ಹಾಸಿಗೆ ಹಿಡಿದ್ರೆ ನನ್ನ ತಂಗಿ ಇಬ್ಬರನ್ನ ಎತ್ತೂದಾ?"

ಉತ್ತರ ಇಲ್ಲದಾಗ ಶಾಂತಾರಾಮನಿಗೆ ಹಟ ಬರುತ್ತದೆ, ಮೊದಲಿಂದಲೂ ಹಾಗೇ. "ಈ ಚಳಿಗಾಲ ಒಂದು ನೋಡ್ವ" ಅಂದ. "ನೀರು ಬೆಚ್ಚಗೆ ನಿಂತ್ರೆ ಇವಳ ಮೈ ಸಡಿಲ ಆತದೆ. ಮೈ ಸಡಿಲ ಇದ್ರೆ ಎತ್ತೂದೂ ಸಸಾರ. ಆಗ್ಲಿಲ್ಲ ಅಂದ್ರೆ ಸಂಕ್ರಾಂತಿ ಕಳೆದ ಮೇಲೆ ನಾನೇ ಕರ್ಕಂಡು ಬತ್ತೆ." ಗುರುಪ್ರಸಾದ ತಲೆಯಾಡಿಸಿದ. ಹಾಗೆ ಮಗಳು ಮನೆಯಲ್ಲಿ ಉಳಿಯುವುದೂ ಬಿಡುವುದೂ ಕೊಳದ ನೀರಿನ ಮೇಲೆ ನಿಂತಿತು.

ಹೀಟ್ ಪಂಪಿನ ವಿಷಯ ತಂದವನು ಕಾರವಾರದ ಸಂದೇಶ. ಏಸಿ, ಸೋಲಾರ್ ಎಲ್ಲ ಕೂಡಿಸಿ ಕೊಡುವ ಹುಡುಗ, ಗೋವಾದ ದೊಡ್ಡ ದೊಡ್ಡ ಬಂಗಲೆಗಳ ಕೊಳಕ್ಕೆ ಇದನ್ನೇ ಹಾಕುತ್ತಿದ್ದ. ಶಾಂತಾರಾಮನಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ, ಏಸಿಯನ್ನೇ ತಿರುವುಮುರುವು ಮಾಡಿದ್ದು. ಅದು ಕರೆಂಟಿನಿಂದ ನೀರನ್ನು ಸುಡುವುದಿಲ್ಲ. ಹೊರಗಿನ ಗಾಳಿಯಲ್ಲಿರುವ ಕಾವನ್ನು ಹೀರಿ ನೀರಿಗೆ ದಾಟಿಸುತ್ತದೆ, ಕಾವು ಕಳೆದುಕೊಂಡ ಗಾಳಿಯನ್ನು ತಣ್ಣಗೆ ಆಚೆ ಊದುತ್ತದೆ. ಕರೆಂಟು ಬೇಕಾದದ್ದು ದಾಟಿಸುವ ಕೂಲಿಗೆ ಮಾತ್ರ. ರಾಡು ತಿಂದಷ್ಟೇ ಕೊಟ್ಟರೆ ಇದು ಒಂದು ಪಾಲು ತಿಂದು ನಾಲ್ಕೈದು ಪಾಲು ಕಾವು ಕೊಡುತ್ತದೆ. ನಮ್ಮ ಕರಾವಳಿಯ ಒದ್ದೆ ಗಾಳಿ ಅಂದರಂತೂ ಅದಕ್ಕೆ ಹಬ್ಬದೂಟ. ಒಂದೇ ದಿನಕ್ಕೆ ಕಾಯುವುದಿಲ್ಲ, ಎರಡು ಮೂರು ದಿನ ತಾಳ್ಮೆ ಬೇಕು. ಮಧ್ಯಾಹ್ನ ಗಾಳಿ ಬೆಚ್ಚಗಿರುವಾಗ ನಡೆಸಿ, ಸಂಜೆ ಕೊಳದ ಮೇಲೆ ಗುಳ್ಳೆ ಗುಳ್ಳೆಯ ನೀಲಿ ಹಾಳೆ ಹೊದೆಸಿದರೆ ಕಾವು ಹಾರಿಹೋಗದೆ ನಿಲ್ಲುತ್ತದೆ.

ಸಂದೇಶ ಯಂತ್ರವನ್ನು ಕೊಳದ ಪಕ್ಕದಲ್ಲೇ ಸಿಮೆಂಟು ಕಟ್ಟೆಯ ಮೇಲೆ ಕೂಡಿಸಿ, ಪೈಪು ಜೋಡಿಸಿ, ಹೊರಡುವ ಮುಂಚೆ ಹೇಳಿದ. "ಸರ್, ಸುತ್ತಲೂ ಬಯಲು ಇರ್ಲಿ. ಏನೂ ಅಡ್ಡ ಇಡಬೇಡಿ."

"ನಂಗೆ ಕಲಸ್ತ್ಯಾ ಮಾರಾಯ?" ಎಂದು ಶಾಂತಾರಾಮ ನಕ್ಕ. "ಏಸಿ ಹೊರಗಿನ ಡಬ್ಬಿಗೆ ಅಡ್ಡ ಕಪಾಟು ಇಟ್ಟ ಸಾಹೇಬರಿಗೇ ಬೈದು ಬಂದವ ನಾನು."

ಅಷ್ಟು ತಿಳಿದವನು ಆಮೇಲೆ ಮಾಡಿದ ಕೆಲಸ ಕೇಳಿದರೆ ನಿಮಗೆ ಸಿಟ್ಟೇ ಬಂದೀತು. ಆದರೆ ಸಮುದ್ರದ ಬದಿಗೆ ಬಾಳಿದವರಿಗೆ ಒಂದು ಹೆದರಿಕೆ ಮೈಯಲ್ಲೇ ಹೊಕ್ಕಿರುತ್ತದೆ, ಪಡುಗಾಳಿಯ ಹೆದರಿಕೆ. ಆ ಉಪ್ಪುಗಾಳಿ ಅವನ ಗೇಟು ತಿಂದಿತ್ತು, ಸ್ಕೂಟರಿನ ತಳ ತಿಂದಿತ್ತು, ಮಾನಸಾಳ ಮೊದಲ ಗಾಲಿಕುರ್ಚಿಯ ಚಕ್ರವನ್ನೂ ಬಿಟ್ಟಿರಲಿಲ್ಲ. ಈಗ ಇದ್ದಬದ್ದದ್ದನ್ನೆಲ್ಲ ಹಾಕಿ ತಂದ ಯಂತ್ರ ಪಡುವಣಕ್ಕೇ ಮುಖ ಮಾಡಿ ಬತ್ತಲೆ ನಿಂತಿದೆ. ಮೂರನೇ ದಿನಕ್ಕೆ ಅವನಿಗೆ ನಿದ್ದೆ ಬರಲಿಲ್ಲ. ವರ್ಷಾ ವರ್ಷಾ ಮಳೆಗಾಲಕ್ಕೆ ಮುಂಚೆ ಬಂದು ಮನೆಯ ಪಡುಗೋಡೆಗೆ ಹೆಣೆದ ತೆಂಗಿನ ಮಡಲಿನ ತಟ್ಟಿ ಕಟ್ಟಿಕೊಡುವ ತಿಮ್ಮುವನ್ನು ಕರೆಸಿದ.

"ಮಳೆ ಹೋಗಿ ಎಷ್ಟು ದಿನ ಆಯ್ತು ಶಾಂತಣ್ಣ, ಈಗೆಂತಕೆ ತಟ್ಟಿ?" ಎಂದು ತಿಮ್ಮು ಕೇಳಿದ.

"ನೀ ಕಟ್ಟು."

ತಿಮ್ಮು ಕಟ್ಟಿದ. ಪಡುವಣಕ್ಕೆ ಒಂದು, ಆಚೀಚೆ ಒಂದೊಂದು, ಮೇಲೊಂದು. ಕೊಳದ ಬದಿ ಮಾತ್ರ ತೆರೆದಿತ್ತು, ಅಲ್ಲೂ ಅರ್ಧಕ್ಕೆ ಇಳಿಬಿದ್ದ ಮಡಲು. ಕೆಲಸ ಮುಗಿದಾಗ ಯಂತ್ರ ಗುಡಿಸಲಲ್ಲಿ ಕೂತ ಹಾಗೆ ಕಂಡಿತು. ಶಾಂತಾರಾಮನ ಮನಸ್ಸಿಗೆ ನೆಮ್ಮದಿ ಆಯಿತು. ಮಡಲು ಅಂದರೆ ಗೋಡೆಯಲ್ಲವಲ್ಲ, ಸಂದಿಯಿಂದ ಗಾಳಿ ಆಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ತಿಳಿಯದ್ದರಿಂದ ಆದ ತಪ್ಪಲ್ಲ ಅದು. ದಣಿದ ಮನಸ್ಸು ತನಗೆ ಅನುಕೂಲವಾದದ್ದನ್ನು ಬೇಗ ನಂಬುತ್ತದೆ, ಅವನು ಆ ಹೊತ್ತಿಗೆ ಬಹಳ ದಣಿದಿದ್ದ.

ಮೊದಲೆರಡು ದಿನ ಏರುತ್ತಿದ್ದ ನೀರಿನ ಕಾವು ಅಲ್ಲಿಗೇ ನಿಂತಿತು. ಇನ್ನೆರಡು ದಿನ ಕಾದ, ಏರಲಿಲ್ಲ. ವಾರ ಕಾದ, ಇಳಿಯತೊಡಗಿತು. ಯಂತ್ರ ಮಾತ್ರ ಮಧ್ಯಾಹ್ನವಿಡೀ ಗುಂಯ್‌ಗುಟ್ಟಿ, ಒಮ್ಮೊಮ್ಮೆ ತಾನೇ ನಿಂತು, ತಾನೇ ಶುರುವಾಗುತ್ತಿತ್ತು. ಫೋನು ಮಾಡಿದರೆ ಸಂದೇಶ ಗೋವಾದಲ್ಲಿ.

"ಗಾಳಿ ಸರಿಯಾಗಿ ಆಡ್ತದಲ್ಲ ಸರ್?"

"ಆಡ್ತದೆ."

"ಹಾಗಾದ್ರೆ ಗ್ಯಾಸ್ ಕಮ್ಮಿ ಇರ್ಬೇಕು. ಬಂದು ನೋಡ್ತೆ, ಒಂದು ವಾರ ಬಿಡಿ."

ಒಂದು ವಾರ ಎರಡಾಯಿತು, ಸಂದೇಶ ಬರಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು, ಶಾಂತಾರಾಮ ಅದನ್ನೇ ಮಾಡಿದ. ಯಂತ್ರ ಹಳೆಯದು, ಬಣ್ಣ ಬಳಿದು ಕೊಟ್ಟಿದ್ದಾನೆ ಎಂದು ಹೆಂಡತಿಯ ಮುಂದೆ ಕೂಗಾಡಿದ. ವೈಜಯಂತಿ ಕೇಳಿಸಿಕೊಂಡು ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಅವನ ಕೂಗು ಹೊಸತಲ್ಲ, ಅದರ ಹಿಂದಿನ ಹೆದರಿಕೆಯೂ ಹೊಸತಲ್ಲ.

ಅದಕ್ಕಿಂತ ಜೀವ ಹಿಂಡಿದ್ದು ಮಾನಸಾ. ದಿನಾ ಮಧ್ಯಾಹ್ನ ಅವಳ ಕುರ್ಚಿಯನ್ನು ಕೊಳದ ಪಕ್ಕಕ್ಕೆ ತಂದು, ತೊಲೆಯ ಕೆಳಗೆ, ಆ ತಟ್ಟಿಯ ಗುಡಿಸಲಿನ ಎದುರು ನಿಲ್ಲಿಸಬೇಕು. ಮೊದಲಾದರೆ ಅಲ್ಲಿಗೆ ಬರುವಾಗಲೇ ನೀರು ಕಂಡು ನಗುತ್ತಿದ್ದ ಹುಡುಗಿ ಈಗ ಕುರ್ಚಿ ನಿಂತಿದ್ದೇ ಮೈ ಬಿಗಿದು, "ಥಂಡಿ" ಅನ್ನುತ್ತಿದ್ದಳು. "ಥಂಡಿ. ಬೇಡ. ಅಪ್ಪ, ಬೇಡ." ನೀರಿಗೆ ಇನ್ನೂ ಕಾಲೇ ತಾಗಿರುತ್ತಿರಲಿಲ್ಲ. ನೆತ್ತಿಯ ಮೇಲೆ ಮಧ್ಯಾಹ್ನದ ಬಿಸಿಲು, ಶಾಂತಾರಾಮನ ಬನಿಯನು ಬೆವರಿಗೆ ಒದ್ದೆ. ನೀರೇನು ಅಷ್ಟು ತಣ್ಣಗಿಲ್ಲವೆಂದು ರಮಿಸಿ ಜೋಳಿಗೆಗೆ ಹಾಕಿದರೆ ಆ ಹೊತ್ತಿಗೆ ಅವಳ ಕೈಕಾಲು ಕೊರಡಾಗಿರುತ್ತಿದ್ದವು. ನೀರಿನಲ್ಲೂ ಬಿಡುತ್ತಿರಲಿಲ್ಲ. ಒಮ್ಮೆ ಜೋಳಿಗೆಯಲ್ಲಿ ಎಷ್ಟು ಸೆಟೆದುಕೊಂಡಳೆಂದರೆ ಅವನ ಭುಜದಲ್ಲಿ ಏನೋ ಕಟಕ್ಕೆಂದಿತು, ಹಗ್ಗ ಹಿಡಿದುಕೊಂಡೇ ನಿಂತ.

"ಇವಳ್ಗೆ ನೀರು ಸಾಕಾಯ್ತು ಕಾಣ್ತದೆ" ಎಂದು ಆ ದಿನ ಅವನೇ ಅಂದ. "ನೋಡಿದ್ರೇ ಬೇಡ ಅಂತಾಳೆ. ಮೊದಲಿನ ಹಾಗೆ ಇಲ್ಲ ಇವಳು."

ವೈಜಯಂತಿ ಮಗಳ ಪಾದ ತಿಕ್ಕುತ್ತ, "ಒತ್ತಾಯ ಬೇಡ, ಬಿಡಿ" ಅಂದಳು.

ಬಿಟ್ಟರು. ಸಂಕ್ರಾಂತಿಗೆ ಇನ್ನೂ ದಿನ ಇದ್ದವು, ಆದರೂ ಶಾಂತಾರಾಮ ತಾನೇ ಗುರುಪ್ರಸಾದನಿಗೆ ಫೋನು ಹಚ್ಚಿ, ಜಾಗ ಹಿಡಿದಿಡಲು ಹೇಳಿಬಿಡಿ ಭಾವ ಅಂದ. ಹೇಳುವಾಗ ಅವನಿಗೆ ದುಃಖವಾಗಲಿಲ್ಲ. ಇಲ್ಲಿ ಸುಳ್ಳು ಹೇಳಬಾರದು, ಅವನಿಗೆ ಹಗುರವೇ ಆಯಿತು. ಇನ್ನು ನಾಳೆ ಎತ್ತಬೇಕಾಗಿಲ್ಲ ಎಂದು ಭುಜ ಮೊದಲು ಯೋಚಿಸಿತು, ಮಗಳು ಹೋಗುತ್ತಾಳೆ ಎಂಬುದು ಆಮೇಲೆ ಹೊಳೆಯಿತು. ಹೊಳೆದ ಮೇಲೆ ತನ್ನ ಬಗ್ಗೆಯೇ ಅಸಹ್ಯ ಪಟ್ಟುಕೊಂಡು ಊಟ ಬಿಟ್ಟ. ವೈಜಯಂತಿ ಮಗಳ ಅಂಗಿಗಳನ್ನು ಒಗೆದು, ಇಸ್ತ್ರಿ ಹಾಕಿ, ಚೀಲಕ್ಕೆ ಜೋಡಿಸತೊಡಗಿದಳು. ಮನೆಯಲ್ಲಿ ಟೀವಿಯ ದನಿ ಬಿಟ್ಟರೆ ಬೇರೆ ದನಿ ಇರಲಿಲ್ಲ.

ಯಂತ್ರ ಮಾತ್ರ ನಡೆಯುತ್ತಲೇ ಇತ್ತು. ನಿಲ್ಲಿಸಬೇಕೆಂದೇ ಯಾರಿಗೂ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಊಟವಾದ ಮೇಲೆ ಶಾಂತಾರಾಮ ಅದನ್ನು ಬಂದ್ ಮಾಡಿ ಬರೋಣವೆಂದು ಅಂಗಳಕ್ಕೆ ಹೋದ. ಮಾನಸಾ ಒಳಗೆ ಮಲಗಿದ್ದಳು. ಅವಳ ಕುರ್ಚಿ ತೊಲೆಯ ಕೆಳಗೆ ಹಾಗೇ ನಿಂತಿತ್ತು. ಸ್ವಿಚ್ಚಿಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಅವನಿಗೆ ಮುಂದೆ ನಡೆಯಲೇ ಆಗಲಿಲ್ಲ. ರೋಗವಲ್ಲ, ಏನಲ್ಲ, ಬರೀ ಸುಸ್ತು, ಇಷ್ಟು ವರ್ಷಗಳ ಸುಸ್ತು ಒಟ್ಟಿಗೇ ಕಾಲಿಗೆ ಇಳಿದ ಹಾಗೆ. ಕೂರಲು ಬೇರೇನೂ ಇರಲಿಲ್ಲ. ಮಗಳ ಕುರ್ಚಿಯಲ್ಲಿ ಕೂತ.

ಅಷ್ಟು ವರ್ಷ ಅದನ್ನು ದೂಡಿದ್ದ, ತೊಳೆದಿದ್ದ, ಚಕ್ರಕ್ಕೆ ಎಣ್ಣೆ ಬಿಟ್ಟಿದ್ದ. ಕೂತಿರಲಿಲ್ಲ.

ಕೂತ ಸ್ವಲ್ಪ ಹೊತ್ತಿಗೆ ಪಾದ ತಣ್ಣಗಾಯಿತು. ಆಮೇಲೆ ಮೊಣಕಾಲು. ಆಮೇಲೆ ಹೊಟ್ಟೆ, ಎದೆ. ತಲೆಯ ಮೇಲೆ ಬಿಸಿಲು ಸುಡುತ್ತಿದೆ, ಕುತ್ತಿಗೆಯಿಂದ ಕೆಳಗೆ ಮೀನಿನ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಮುಂದೆ ಇಟ್ಟ ಹಾಗೆ ಕೊರೆಯುತ್ತಿದೆ. ಶಾಂತಾರಾಮ ಬಗ್ಗಿ ಕೈ ಚಾಚಿ ನೋಡಿದ. ತಟ್ಟಿಯ ಗುಡಿಸಲಿನ ಬಾಯಿಂದ, ಇಳಿಬಿದ್ದ ಮಡಲಿನ ಕೆಳಗಿನಿಂದ, ತಣ್ಣನೆ ಗಾಳಿ ನೆಲ ಹಿಡಿದು ಹರಿದು ಸೀದಾ ಕುರ್ಚಿಗೆ ಬಂದು ಬಡಿಯುತ್ತಿತ್ತು. ಕುರ್ಚಿಯ ಹಿಂದೆ ನಿಂತವನಿಗೆ ಅದು ತಾಗುವುದೇ ಇಲ್ಲ. ಕೂತವಳಿಗೆ ಮಾತ್ರ ತಾಗುತ್ತದೆ.

ಅವನಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಯಂತ್ರ ಊದಿದ ತಣ್ಣನೆ ಗಾಳಿ ತಟ್ಟಿಗೆ ಬಡಿದು ಅದರ ಮೂಗಿಗೇ ತಿರುಗಿ ಬರುತ್ತಿದೆ. ಮುಸುಕು ಹಾಕಿಕೊಂಡು ಬಿಟ್ಟ ಉಸಿರನ್ನೇ ತಿರುಗಿ ಎಳೆದ ಹಾಗೆ. ಕಾವೇ ಇಲ್ಲದ ಗಾಳಿಯಿಂದ ಅದು ಎಲ್ಲಿಂದ ಕಾವು ತೆಗೆದೀತು? ಉಳಿದ ತಂಪು ಮಗಳ ಮೇಲೆ. ಮಾನಸಾ ನೀರು ಬೇಡವೆಂದು ಹೇಳಿರಲೇ ಇಲ್ಲ. ಇಲ್ಲಿ ಥಂಡಿ ಇದೆ ಎಂದು ಹೇಳಿದ್ದಳು. ತನಗಿದ್ದ ನಾಲ್ಕೈದು ಮಾತುಗಳಲ್ಲಿ ಸರಿಯಾದದ್ದನ್ನೇ ಆರಿಸಿ ದಿನಾ ಹೇಳಿದ್ದಳು. ಅಪ್ಪ ಕೇಳಿಸಿಕೊಂಡು, ಅವಳಿಗೆ ನೀರು ಸಾಕಾಗಿದೆ ಎಂದು ಅವಳ ಸೋದರಮಾವನಿಗೆ ಫೋನು ಮಾಡಿದ್ದ.

ಶಾಂತಾರಾಮ ಎದ್ದು ತಟ್ಟಿಗೆ ಕೈ ಹಾಕಿದ. ಬಿಚ್ಚುವಷ್ಟು ತಾಳ್ಮೆ ಇರಲಿಲ್ಲ, ಹರಿದ. ಹುರಿಹಗ್ಗ ಅಂಗೈ ಕೊಯ್ಯಿತು, ಭುಜ ಉರಿಯಿತು. ಹರಿಯುತ್ತ ಅಳುತ್ತಿದ್ದ, ಗಟ್ಟಿಯಾಗಿಯೇ. ಸಪ್ಪಳ ಕೇಳಿ ಹೊರಗೆ ಬಂದ ವೈಜಯಂತಿ, ಇವರಿಗೆ ತಲೆ ಕೆಟ್ಟಿತೆಂದೇ ತಿಳಿದಳು.

"ಎಂತಾ ಆಯ್ತು? ಹೋಯ್, ಎಂತಾ ಆಯ್ತು ನಿಮ್ಗೆ?"

"ಅವಳು ಹೇಳಿದ್ಲು" ಅಂದ ಅವನು. "ಅವಳು ಸರಿಯಾಗೇ ಹೇಳಿದ್ಲು. ನಾನು ಕತ್ತೆ."

ಆ ಸಂಜೆ ಸಂದೇಶನಿಗೆ ಫೋನು ಮಾಡಿ, ನಿನ್ನ ಯಂತ್ರ ಸರಿ ಇದೆ ಮಾರಾಯ, ಬರುವುದು ಬೇಡ ಅಂದ. ಕಾರಣ ಹೇಳಲು ನಾಚಿಕೆಯಾಗಿ ಇಟ್ಟುಬಿಟ್ಟ. ಉಪ್ಪುಗಾಳಿಗೆ ಉಪಾಯ ಇರಲೇ ಇಲ್ಲವೆಂದಲ್ಲ, ವಾರಕ್ಕೊಮ್ಮೆ ಸಿಹಿನೀರು ಚಿಮುಕಿಸಿ ಯಂತ್ರದ ಮೈ ತೊಳೆದರೆ ಆಗಿತ್ತು. ಎರಡು ದಿನ ಮಧ್ಯಾಹ್ನ ಬಿಸಿಲಿರುವಷ್ಟು ಹೊತ್ತು ಯಂತ್ರ ಬಯಲಲ್ಲಿ ನಿಂತು ಧಾರಾಳವಾಗಿ ಉಸಿರಾಡಿತು. ಸಂಜೆ ಸಂಜೆ ಗಂಡಹೆಂಡತಿ ಇಬ್ಬರೂ ಎರಡು ತುದಿ ಹಿಡಿದು ಕೊಳಕ್ಕೆ ನೀಲಿ ಹಾಳೆ ಹೊದೆಸಿದರು. ಮೂರನೇ ದಿನ ಶಾಂತಾರಾಮ ಕೈ ಅದ್ದಿ ನೋಡಿ, ಏನೂ ಹೇಳದೆ ಒಳಗೆ ಹೋಗಿ ಮಗಳನ್ನು ಕರೆತಂದ.

ಕುರ್ಚಿ ತೊಲೆಯ ಕೆಳಗೆ ನಿಂತಾಗ ಮಾನಸಾ ಮೈ ಬಿಗಿಹಿಡಿದಳು. ಥಂಡಿ ಬರುತ್ತದೆಂದು ಕಾದಳು. ಬರಲಿಲ್ಲ. ಅವಳ ಕಣ್ಣು ತಟ್ಟಿ ಇದ್ದ ಜಾಗ ಹುಡುಕಿತು. ಆಮೇಲೆ ಅಪ್ಪನ ಮುಖ ನೋಡಿದಳು. ಶಾಂತಾರಾಮನಿಗೆ ಆ ನೋಟ ಎದುರಿಸಲು ಆಗಲಿಲ್ಲ, ಜೋಳಿಗೆಯ ಗಂಟು ಬಿಗಿಯುವ ನೆವದಲ್ಲಿ ತಲೆ ತಗ್ಗಿಸಿದ. ಎತ್ತಿದ, ತಿರುಗಿಸಿದ, ಇಳಿಸಿದ. ನೀರು ತಾಗಿದಾಗ ಹುಡುಗಿ ಒಂದು ದೊಡ್ಡ ಉಸಿರು ಬಿಟ್ಟಳು. ಅವನು ಜೋಳಿಗೆ ಬಿಡಿಸಿ, ಒಂದು ಕೈ ಕುತ್ತಿಗೆಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ನಿಂತ. ಮೊದಲು ಹೆಗಲು ಇಳಿಯಿತು, ಆಮೇಲೆ ಮಂಡಿ ಬಿಟ್ಟಿತು, ಕಟ್ಟಕಡೆಗೆ ಮುಷ್ಟಿ. ಎಷ್ಟೋ ವಾರಗಳ ಮೇಲೆ ಅವಳು ನಕ್ಕಳು. ಅವನಿಗೆ ನಗಲಾಗಲಿಲ್ಲ. ಇಷ್ಟಕ್ಕೇ ಇವಳನ್ನು ಕಳಿಸಿಬಿಡುತ್ತಿದ್ದೆನಲ್ಲ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ವೈಜಯಂತಿ ಮೇಲಿನ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. "ಅಣ್ಣಂಗೆ ಫೋನ್ ಮಾಡ್ಲಾ?" ಎಂದು ಕೇಳಿದಳು.

"ಮಾಡು. ಕಳಸೂದಿಲ್ಲ ಹೇಳಿ ಹೇಳು."

ಅವಳು ಏಳಲಿಲ್ಲ. "ಎಷ್ಟು ವರ್ಷ?" ಅಂದಳು.

"ಎಂತಾ ಎಷ್ಟು ವರ್ಷ?"

"ನೀವು ಹೀಂಗೆ ಒಬ್ಬರೇ ಹಿಡ್ಕಂಡು ನಿಲ್ಲೂದು."

"ನಾ ಇರೂತನಕ."

"ಆಮೇಲೆ?"

ರಾಡು ಇಳಿಬಿಟ್ಟದ್ದು, ಹಂಡೆ ಕಾಯಿಸಿದ್ದು, ಯಂತ್ರ ತಂದದ್ದು, ಎಲ್ಲ ಈ ಒಂದು ಮಾತು ಕಿವಿಗೆ ಬೀಳಬಾರದೆಂದೇ. ಬಿತ್ತು. ನೀರು ಬೆಚ್ಚಗಿತ್ತು, ಇನ್ನು ದೂರಲು ಏನೂ ಉಳಿದಿರಲಿಲ್ಲ. ಶಾಂತಾರಾಮ ಜೀವಮಾನದಲ್ಲಿ ಹೆಂಡತಿಗೆ ಹೇಳದ ಮಾತು ಹೇಳಿದ.

"ಗೊತ್ತಿಲ್ಲ ವೈಜಯಂತಿ. ನಂಗೆ ಸಾಕಾಯ್ತು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದು ಮೆಟ್ಟಿಲಿಳಿಯತೊಡಗಿದಳು. ಸೀರೆ ಉಬ್ಬಿ ನೀರಿನ ಮೇಲೆ ಬಂತು, ಅದನ್ನು ಒತ್ತಿ ಒತ್ತಿ ಇಳಿದಳು. ಸಮುದ್ರದ ಬದಿಗೇ ಹುಟ್ಟಿದರೂ ಪಾದ ತೋಯುವಷ್ಟರ ಮೇಲೆ ನೀರಿಗಿಳಿದವಳಲ್ಲ ಎಂದು ಶಾಂತಾರಾಮ ಮದುವೆಯಾದಾಗಲೇ ಲೆಕ್ಕ ಹಾಕಿಬಿಟ್ಟಿದ್ದ. ಎದೆಮಟ್ಟದ ನೀರಿನಲ್ಲಿ ಅವಳು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬಿದ್ದೀಯೆ ನೀನು, ಮೇಲೆ ಹೋಗು" ಅಂದ. "ನಿಂಗೆ ನೀರಂದ್ರೆ ಹೆದರಿಕೆ ಅಲ್ದಾ?"

"ಹೆದರಿಕೆ ಹೌದು. ಬಾ ಹೇಳಿ ನೀವು ಕರೆದದ್ದು ಯಾವಾಗ?"

ಅವಳು ಹತ್ತಿರ ಬಂದು, ಒಂದು ಕೈ ಮಗಳ ಕುತ್ತಿಗೆಯ ಕೆಳಗೆ ತೂರಿಸಿದಳು. ಅಲ್ಲಿ ಆಗಲೇ ಅವನ ಕೈ ಇತ್ತು.

"ಹ್ಯಾಂಗೆ ಹಿಡಿಯೂದು, ಕಲಸಿ ನಂಗೆ."

ಅವನು ಕಲಿಸಿದ. ಅಂಗೈ ಹೀಗೆ ಅಗಲ ಇಡು, ಬೆರಳು ಒತ್ತಬೇಡ, ಎತ್ತಲು ಹೋಗಬೇಡ, ನೀರೇ ಎತ್ತುತ್ತದೆ. ಸೊಂಟದ ಕೈಯನ್ನೂ ಬದಲಿಸಿಕೊಟ್ಟ. ಮಾನಸಾ ಮುಖ ತಿರುಗಿಸಿ ನೋಡಿ, "ಆಯಿ" ಅಂದಳು. ಅವಳ ಮೈ ಬಿಗಿಯಲಿಲ್ಲ. ವೈಜಯಂತಿಗೆ ಹೆದರಿಕೆಯಿಂದ ಕಣ್ಣಲ್ಲಿ ನೀರು ಬಂದಿತ್ತು, ಆದರೆ ಕೈ ಅಲುಗಲಿಲ್ಲ. ಶಾಂತಾರಾಮ ಒಂದೊಂದೇ ಬೆರಳು ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಮಗಳು ಮುಳುಗಲಿಲ್ಲ. ಅವನ ಎರಡೂ ಕೈ ಖಾಲಿಯಾಗಿ ಬೆಚ್ಚನೆ ನೀರಿನಲ್ಲಿ ತಾವಾಗಿಯೇ ಮೇಲೆದ್ದು ನಿಂತವು. ಅವನ್ನು ಈಗ ಎಲ್ಲಿಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.